ಆಲ್-ಟೆರೇನ್ ಟೈರ್ ಹಾಕಿಸಿದ ಪಿಕಪ್ ತೊಂದರೆ ಕೊಡುತ್ತಿದೆಯೇ? ಪ್ಯಾಟರ್ನ್ ನೋಡುವ ಮೊದಲು ಭಾರ ನೋಡಿ

ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಹತ್ತಿರ ಸಾಲುಗಟ್ಟಿ ನಿಂತ ಪಿಕಪ್‌ಗಳ ಹಿಂದಿನ ಚಕ್ರಗಳನ್ನು ನೋಡುತ್ತಾ ಹೋದರೆ ಸಾಕು, ಯಾವ ಗಾಡಿಯ ಟೈರ್ ಬೇಗ ಕೈಕೊಡುತ್ತದೆ ಎಂದು ಊಹಿಸಬಹುದು. ನೆಲ ಮುಟ್ಟುವ ಜಾಗದಲ್ಲಿ ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಹೊರಗೆ ಉಬ್ಬಿ, ರಿಮ್ ಕೆಳಗೆ ಕುಸಿದಿರುತ್ತದೆ. ಅಂಥ ಗಾಡಿಗೆ ಟ್ರೆಡ್‌ನ (ನೆಲ ಮುಟ್ಟುವ ಮೈಯ) ಯಾವ ಪ್ಯಾಟರ್ನ್ ಹಾಕಿದರೂ ಉಳಿಯುವುದಿಲ್ಲ.

ಈ ಭಾಗದಲ್ಲಿ ಆಲ್-ಟೆರೇನ್ ಟೈರ್ ಬೇಕೆನಿಸುವುದಕ್ಕೆ ಒಳ್ಳೆಯ ಕಾರಣವಿದೆ. ತೋಟದ ದಾರಿ ಕೆಮ್ಮಣ್ಣಿನದು, ಒಂದು ಮಳೆ ಬಿದ್ದರೆ ಉದ್ದ ಗೆರೆಗಳಷ್ಟೇ ಇರುವ ರಿಬ್ ಟೈರ್ ಇರುವಲ್ಲೇ ಸುತ್ತುತ್ತದೆ. ಚಿಕ್ಕಬಳ್ಳಾಪುರದ ಕ್ರಷರ್‌ಗಳ ಕಡೆ ಹೋದರೆ ಚೂಪು ಜಲ್ಲಿ. ಅಲ್ಲಿಂದ ಹೊರಬಿದ್ದರೆ ಹೆದ್ದಾರಿ 75 ಅಥವಾ 44, ಅಲ್ಲಿ ಗಂಟೆಗೆ ಎಂಬತ್ತರ ಓಟ. ಮೂರಕ್ಕೂ ಆಗುವ ಟೈರ್ ಒಂದೇ ಇರಲಿ ಎಂದು ಹಾಕಿಸುತ್ತಾರೆ. ಕೆಲವು ತಿಂಗಳಲ್ಲಿ ದೂರು ಶುರುವಾಗುತ್ತದೆ: ಅಂಚು ಸವೆಯಿತು, ಚಕ್ರ ಕಾಯುತ್ತದೆ, ಸೈಡ್‌ನಲ್ಲಿ ಗುಳ್ಳೆ ಬಂತು, ಸ್ಟೇರಿಂಗ್ ನಡುಗುತ್ತದೆ. ತಪ್ಪೆಲ್ಲ ಟೈರ್ ಕಂಪನಿಯದು ಇಲ್ಲವೇ ಪ್ಯಾಟರ್ನ್‌ದು ಎಂದು ತೀರ್ಮಾನವಾಗಿಬಿಡುತ್ತದೆ.

ನನ್ನ ಅಭಿಪ್ರಾಯ ಬೇರೆ. ಇಂಥ ದೂರುಗಳಲ್ಲಿ ಹೆಚ್ಚಿನವು ಮೂರು ವಿಷಯ ಒಂದಕ್ಕೊಂದು ಹೊಂದದೆ ಬಂದವು: ಒಂದು ಚಕ್ರದ ಮೇಲೆ ನಿಜವಾಗಿ ಬೀಳುವ ಭಾರ, ಆ ಟೈರ್ ಹೊರಬಲ್ಲ ಭಾರ, ಒಳಗಿರುವ ಗಾಳಿ. ಆದ್ದರಿಂದ ಅಲೈನ್‌ಮೆಂಟ್‌ಗೆ ದುಡ್ಡು ಕೊಡುವ ಮೊದಲು, ಹೊಸ ಟೈರ್‌ಗೆ ಸಾಲ ಮಾಡುವ ಮೊದಲು, ತೂಕದಿಂದ ಶುರು ಮಾಡಿ.

ತೂಕ: ಆರ್‌ಸಿಯಲ್ಲಿರುವುದಲ್ಲ, ಆ್ಯಕ್ಸಲ್ ಮೇಲೆ ಬೀಳುವುದು

ಎಂದಿನಂತೆ ಲೋಡ್ ಮಾಡಿ ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ. ಮೊದಲು ಪೂರ್ತಿ ಗಾಡಿ ತೂಗಿಸಿ. ಆಮೇಲೆ ಮುಂದಿನ ಚಕ್ರಗಳು ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ಇರುವಂತೆ ನಿಲ್ಲಿಸಿ ಇನ್ನೊಂದು ತೂಕ, ಮುಂದೆ ಸರಿದು ಹಿಂದಿನ ಚಕ್ರಗಳು ಮಾತ್ರ ಇರುವಂತೆ ಮೂರನೆಯದು. ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಸಮತಟ್ಟು ಜಾಗ ನೋಡಿ ತೂಗಿಸಬೇಕು. ಮುಂದಿನದು ಹಿಂದಿನದು ಕೂಡಿದರೆ ಒಟ್ಟು ತೂಕದ ಹತ್ತಿರ ಬರಬೇಕು. ಬಾರದಿದ್ದರೆ ನಿಂತ ಜಾಗ ಸರಿಯಿಲ್ಲ, ಮತ್ತೆ ತೂಗಿಸಿ.

ಲೆಕ್ಕಕ್ಕೆ ಒಂದು ಗಾಡಿ ಹಿಡಿಯೋಣ. ಖಾಲಿ ತೂಕ 1,700 ಕೆಜಿ. ಅದರಲ್ಲಿ ಮುಂದೆ 1,000, ಹಿಂದೆ 700. ಇದಕ್ಕೆ 1,500 ಕೆಜಿ ಲೋಡ್ ಹಾಕಿದರೆ ಭಾರ ಎರಡು ಆ್ಯಕ್ಸಲ್‌ಗೂ ಸಮನಾಗಿ ಹಂಚುವುದಿಲ್ಲ. ಪಿಕಪ್‌ನ ತೊಟ್ಟಿ ಬಹುಪಾಲು ಹಿಂದಿನ ಆ್ಯಕ್ಸಲ್ ಮೇಲೆಯೇ ಕೂತಿರುತ್ತದೆ. ಸುಮಾರು 1,300 ಕೆಜಿ ಹಿಂದಕ್ಕೆ, 200 ಮಾತ್ರ ಮುಂದಕ್ಕೆ ಎಂದಿಟ್ಟುಕೊಂಡರೆ ಹಿಂದಿನ ಆ್ಯಕ್ಸಲ್ ಮೇಲೆ 2,000, ಒಂದೊಂದು ಹಿಂದಿನ ಟೈರ್ ಮೇಲೆ 1,000 ಕೆಜಿ. ಒಟ್ಟು 3,200 ಅನ್ನು ನಾಲ್ಕರಿಂದ ಭಾಗಿಸಿ "ಒಂದಕ್ಕೆ 800, ಸಾಕು" ಎನ್ನುವವರು ಎಡವುವುದು ಇಲ್ಲೇ. ತೊಟ್ಟಿಯ ಹಿಂಬದಿಯಲ್ಲಿ ಡೋರ್ ಬಿಟ್ಟು ಇನ್ನೊಂದು ಸಾಲು ಕ್ರೇಟ್ ಕಟ್ಟಿದರೆ ಹಿಂದಿನ ಆ್ಯಕ್ಸಲ್ ಭಾರ ಇನ್ನೂ ಏರಿ, ಮುಂದಿನದು ಹಗುರವಾಗುತ್ತದೆ. ಲೋಡ್ ಇದ್ದಾಗ ಸ್ಟೇರಿಂಗ್ ತೇಲಿದಂತಾಗುತ್ತದೆ ಎನ್ನುವವರು ಮೊದಲು ಇದನ್ನೇ ನೋಡಬೇಕು.

ಕೋಲಾರದಲ್ಲಿ ಟೊಮೆಟೊ ಹದಿನೈದು ಕೆಜಿ ಬಾಕ್ಸ್ ಲೆಕ್ಕ. ನೂರು ಬಾಕ್ಸ್ ಎಂದರೆ 1,500 ಕೆಜಿ ಎಂದು ಬಾಯಿಲೆಕ್ಕ ಮುಗಿಸುತ್ತಾರೆ. ಖಾಲಿ ಕ್ರೇಟ್ ಒಂದಕ್ಕೆ ಒಂದೂವರೆ ಕೆಜಿ ಹಿಡಿದರೂ ಅಲ್ಲೇ 150 ಕೆಜಿ ಸೇರಿತು. ಹಗ್ಗ, ಟಾರ್ಪಾಲು, ಕ್ಯಾಬಿನ್‌ನಲ್ಲಿ ಮೂರು ಜನ, ತುಂಬಿದ ಡೀಸೆಲ್ ಟ್ಯಾಂಕ್. ಇವೆಲ್ಲ ಟೈರ್‌ಗೆ ಗೊತ್ತಾಗುತ್ತವೆ.

ಆರ್‌ಸಿಯಲ್ಲಿ ಬರೆದ ಒಟ್ಟು ತೂಕಕ್ಕಿಂತ ವೇಬ್ರಿಡ್ಜ್ ಚೀಟಿ ಹೆಚ್ಚು ತೋರಿಸಿದರೆ ಟೈರ್ ಬದಲಿಸಿ ಪರಿಹಾರವಾಗುವ ವಿಷಯವಲ್ಲ ಅದು. ದೊಡ್ಡ ಟೈರ್ ಹಾಕಿಸಿದ ಮಾತ್ರಕ್ಕೆ ಆ್ಯಕ್ಸಲ್, ಬ್ರೇಕ್, ಚಾಸಿ ದೊಡ್ಡವಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಓವರ್‌ಲೋಡ್‌ಗೆ ಕಾಯ್ದೆಯಲ್ಲಿ ಇಟ್ಟಿರುವ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹಿಂದೆ ಕಮಾನು ಪಟ್ಟಿಗೆ ಎರಡು ಪ್ಲೇಟ್ ಸೇರಿಸಿಕೊಂಡವರು ಇನ್ನೂ ಎಚ್ಚರವಾಗಿರಬೇಕು. ಪ್ಲೇಟ್ ಸೇರಿಸಿದರೆ ಗಾಡಿ ಕುಸಿಯುವುದು ಕಣ್ಣಿಗೆ ಕಾಣುವುದಿಲ್ಲ. ಟೈರ್ ಮೇಲಿನ ಭಾರ ಒಂದು ಕೆಜಿಯೂ ಕಡಿಮೆಯಾಗಿರುವುದಿಲ್ಲ.

ಸೈಡ್‌ವಾಲ್ ಓದುವುದು

ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಮಣ್ಣು ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ. ಉದಾಹರಣೆಗೆ 215/75 ಆರ್15, ಪಕ್ಕದಲ್ಲಿ 100/97 ಕ್ಯೂ ಎಂದಿದೆ ಎನ್ನೋಣ. ಅಗಲ 215 ಮಿಲಿಮೀಟರ್, ಸೈಡ್‌ವಾಲ್ ಎತ್ತರ ಅದರ ಶೇ. 75, ರಿಮ್ 15 ಇಂಚು. 100 ಎನ್ನುವುದು ಲೋಡ್ ಇಂಡೆಕ್ಸ್, ಅದರ ಅರ್ಥ 800 ಕೆಜಿ. 97 ಎಂದರೆ 730 ಕೆಜಿ; ಹಿಂದೆ ಒಂದೊಂದು ಕಡೆ ಜೋಡಿ ಟೈರ್ ಇರುವ ಗಾಡಿಗೆ ಮಾತ್ರ ಅದು. ನಮ್ಮ ಪಿಕಪ್‌ಗಳಲ್ಲಿ ಒಂಟಿ ಟೈರ್ ಇರುವುದರಿಂದ ಮೊದಲ ಅಂಕಿ ನೋಡಿದರೆ ಆಯಿತು. ಕ್ಯೂ ಎಂದರೆ ಗಂಟೆಗೆ 160 ಕಿ.ಮೀ. ವೇಗದ ಮಿತಿ, ಪಿಕಪ್‌ಗೆ ಧಾರಾಳ.

ಮೇಲೆ ಲೆಕ್ಕ ಹಾಕಿದ ಗಾಡಿಗೆ ಹಿಂದೆ ಒಂದೊಂದಕ್ಕೆ 1,000 ಕೆಜಿ ಬೇಕಿತ್ತು. 100ರ ಟೈರ್ ಹಾಕಿದ್ದರೆ ಪ್ರತಿ ಟೈರ್ 200 ಕೆಜಿ ಮಿತಿಮೀರಿ ಹೊರುತ್ತಿದೆ. ಇಂಡೆಕ್ಸ್ 104 ಎಂದರೆ 900, 106 ಎಂದರೆ 950, 108 ಎಂದರೆ 1,000, 110 ಎಂದರೆ 1,060, 112 ಎಂದರೆ 1,120 ಕೆಜಿ. 108 ಲೆಕ್ಕಕ್ಕೆ ಸರಿಹೋಗುತ್ತದೆ, ಆದರೆ ಲೋಡ್ ಎಂದೂ ಎಡಬಲ ಸಮ ಇರುವುದಿಲ್ಲ, ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಭಾರ ವಾಲುತ್ತದೆ. ಹತ್ತು ಪರ್ಸೆಂಟ್ ಕೈಯಲ್ಲಿಟ್ಟುಕೊಂಡು 112 ನೋಡುವುದು ನನ್ನ ಸಲಹೆ. ಗಾಡಿ ಕಂಪನಿ ಹೇಳಿದ ಇಂಡೆಕ್ಸ್‌ಗಿಂತ ಕೆಳಗಂತೂ ಇಳಿಯಲೇಬಾರದು.

ಆಲ್-ಟೆರೇನ್ ಟೈರ್ ಕೊಳ್ಳುವವರು ಹೆಚ್ಚಾಗಿ ಸಿಕ್ಕಿಬೀಳುವ ಜಾಗ ಒಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ರಿಮ್‌ಗೆ ಕೂರುವ ಆಲ್-ಟೆರೇನ್ ಟೈರ್ ಎರಡು ಜಾತಿಯವು ಸಿಗುತ್ತವೆ: ಎಸ್‌ಯುವಿಗೆಂದು ಮಾಡಿದ್ದು, ಲೈಟ್ ಟ್ರಕ್‌ಗೆಂದು ಮಾಡಿದ್ದು. ಹೊರಗಿನ ಬಟನ್ (ಟ್ರೆಡ್ ಮೇಲಿನ ರಬ್ಬರ್ ಗಟ್ಟಿಗಳು) ನೋಡಿದರೆ ಎರಡೂ ಒಂದೇ ಥರ. ಎಸ್‌ಯುವಿಯದರ ಲೋಡ್ ಇಂಡೆಕ್ಸ್ 36 ಪಿಎಸ್‌ಐ ಆಸುಪಾಸಿನ ಗಾಳಿಗೆ ಲೆಕ್ಕ ಹಾಕಿದ್ದು, ಎಕ್ಸ್‌ಎಲ್ (ಹೆಚ್ಚು ಭಾರದ್ದು) ಎಂದು ಬರೆದಿದ್ದರೆ 42ರ ಆಸುಪಾಸು. ಲೈಟ್ ಟ್ರಕ್‌ನದು ಅದಕ್ಕಿಂತ ಬಹಳ ಹೆಚ್ಚು ಗಾಳಿ ಹಿಡಿಯುವಂತೆ ಕಟ್ಟಿದ್ದು. ಅಮೆರಿಕದ ಟೈರ್ ಮಾನದಂಡದಲ್ಲಿ ಕಾರಿನ ಟೈರನ್ನು ಪಿಕಪ್‌ಗೆ ಹಾಕಿದರೆ ಅದರ ಸಾಮರ್ಥ್ಯವನ್ನು 1.10ರಿಂದ ಭಾಗಿಸಬೇಕೆಂಬ ನಿಯಮವೇ ಇದೆ. 105 ಎಂದು ಬರೆದ ಎಸ್‌ಯುವಿ ಟೈರ್ 925 ಕೆಜಿ ಎಂದು ಕಂಡರೂ ಪಿಕಪ್ ಲೆಕ್ಕಕ್ಕೆ 841ಕ್ಕೆ ಇಳಿಯುತ್ತದೆ.

ಎರಡನ್ನೂ ಬೇರೆ ಮಾಡಲು ನಮ್ಮಲ್ಲಿ ಒಂದು ಸುಲಭದ ಗುರುತಿದೆ. ಭಾರತದಲ್ಲಿ ಮಾರುವ ಟೈರ್ ಮೇಲೆ ಐಎಸ್‌ಐ ಮುದ್ರೆ ಇರುತ್ತದೆ, ಅದರ ತಲೆಯ ಮೇಲೆ ಐಎಸ್ ಸಂಖ್ಯೆ. 15633 ಇದ್ದರೆ ಕಾರಿನ ವರ್ಗ, 15636 ಇದ್ದರೆ ವಾಣಿಜ್ಯ ವಾಹನದ ವರ್ಗ. ಚಿಂತಾಮಣಿ ರಸ್ತೆಯಲ್ಲಿ ಎಲೆಕೋಸು ಸಾಗಿಸುವ ಹಿರಿಯರೊಬ್ಬರ ಗಾಡಿಯಲ್ಲಿ ಹಿಂದಿನ ಎರಡೂ ಆಲ್-ಟೆರೇನ್ ಟೈರ್‌ಗಳ ಹೊರ ಅಂಚು, ಒಳ ಅಂಚು ಎರಡೂ ಬೋಳಾಗಿ ನಡುವೆ ಮಾತ್ರ ಬಟನ್ ಉಳಿದಿತ್ತು.

"ಎಷ್ಟು ಗಾಳಿ ಹಾಕಿಸ್ತೀರಣ್ಣ?" ಎಂದೆ.

"ಮೂವತ್ತೈದಪ್ಪ. ಅಂಗಡಿಯವನು ಇದಕ್ಕಿಂತ ಮೇಲೆ ಹಾಕ್ಬೇಡಿ ಅಂದ. ಬಟನ್ ದಪ್ಪ ಇದೆ, ಎಷ್ಟು ಲೋಡಾದ್ರೂ ತಡೀತದೆ ಅಂತಾನೂ ಅವನೇ ಹೇಳಿದ್ದು."

ಮುದ್ರೆಯ ಮೇಲಿನ ಮಣ್ಣು ಉಜ್ಜಿದರೆ 15633. ಆ ಟೈರ್‌ಗೆ 35 ಸರಿಯಾದ ಗಾಳಿಯೇ, ಆದರೆ ಆ ಗಾಡಿಗೆ ಅದು ಸರಿಯಾದ ಟೈರ್ ಅಲ್ಲ. ಅವರ ಹಳೆಯ ರಿಬ್ ಟೈರ್ ಸ್ಟೆಪ್ನಿಯಾಗಿ ಕೆಳಗೆ ನೇತಾಡುತ್ತಿತ್ತು, ಅದರ ಮೇಲೆ 15636 ಇತ್ತು. ಬಟನ್ ದಪ್ಪಕ್ಕೂ ಭಾರ ಹೊರುವುದಕ್ಕೂ ಸಂಬಂಧವೇ ಇಲ್ಲ. ನಿಜ ಹೇಳಬೇಕೆಂದರೆ ಬಟನ್ ದಪ್ಪವಿದ್ದಷ್ಟೂ ಓಡುವಾಗ ರಬ್ಬರ್ ಹೆಚ್ಚು ಕಾಯುತ್ತದೆ.

ಪ್ಲೈ ರೇಟಿಂಗ್ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ. 6 ಪಿಆರ್, 8 ಪಿಆರ್, 10 ಪಿಆರ್ ಎಂದರೆ ಒಳಗೆ ಅಷ್ಟು ಪದರ ಇದೆ ಎಂದು ಅರ್ಥವಲ್ಲ. ಎಷ್ಟು ಗಾಳಿಯನ್ನು ತಡೆದುಕೊಳ್ಳುವಷ್ಟು ಗಟ್ಟಿ ಎಂಬುದರ ಅಳತೆ. ಕೆಲವು ಟೈರ್‌ಗಳಲ್ಲಿ ಇದನ್ನೇ ಸಿ, ಡಿ, ಇ ಎಂದು ಅಕ್ಷರದಲ್ಲಿ ಬರೆದಿರುತ್ತಾರೆ. ಹತ್ತು ಪ್ಲೈ ಹಾಕಿಸಿ ಆರು ಪ್ಲೈಗೆ ಹಾಕುತ್ತಿದ್ದಷ್ಟೇ ಗಾಳಿ ಹಾಕಿದರೆ ಹೊರುವ ಭಾರ ಹೆಚ್ಚಾಗುವುದಿಲ್ಲ.

ಗಾಳಿ: ಭಾರ ಹೊರುವುದು ಇದೇ

ಸೈಡ್‌ವಾಲ್ ಮೇಲಿನ ಗರಿಷ್ಠ ಭಾರ ಅದರ ಪಕ್ಕದಲ್ಲೇ ಬರೆದಿರುವ ಗಾಳಿಗೆ ಕಟ್ಟುಬಿದ್ದಿದೆ. 65 ಪಿಎಸ್‌ಐಗೆ 800 ಕೆಜಿ ಹೊರುವ ಲೈಟ್ ಟ್ರಕ್ ಟೈರ್‌ಗೆ 45 ಹಾಕಿದರೆ ಸಾಮರ್ಥ್ಯ ಹೆಚ್ಚುಕಡಿಮೆ ಕಾಲುಭಾಗ ಇಳಿದು 600ರ ಹತ್ತಿರಕ್ಕೆ ಬರುತ್ತದೆ. ಇಂಡೆಕ್ಸ್ ಸರಿಯಿದ್ದೂ ಅಂಚು ಸವೆಯುತ್ತಿದ್ದರೆ ಕಾರಣ ಇಲ್ಲಿದೆ.

ಪರೀಕ್ಷೆ ಹೀಗೆ. ಬೆಳಗ್ಗೆ ಗಾಡಿ ಎತ್ತುವ ಮೊದಲು, ಟೈರ್ ತಣ್ಣಗಿರುವಾಗ, ನಿಮ್ಮದೇ ಗೇಜ್‌ನಿಂದ ನಾಲ್ಕನ್ನೂ ಸ್ಟೆಪ್ನಿಯನ್ನೂ ಅಳೆದು ಬರೆದಿಡಿ. ಗೇಜ್ ಯಾವಾಗಲೂ ಒಂದೇ ಇರಲಿ, ಬಂಕ್‌ನಿಂದ ಬಂಕ್‌ಗೆ ಗೇಜ್ ವ್ಯತ್ಯಾಸ ಇರುತ್ತದೆ. ಲೋಡ್ ಹಾಕಿ ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿದ ಮೇಲೆ, ಹೇಳಬೇಕೆಂದರೆ ಕೋಲಾರದಿಂದ ಮುಳಬಾಗಿಲು ದಾಟಿ ನಂಗಲಿ ಕಡೆ ಹೋಗಿ, ನಿಲ್ಲಿಸಿದ ತಕ್ಷಣ ಮತ್ತೆ ಅಳೆಯಿರಿ. ಹತ್ತರಿಂದ ಹದಿನೈದು ಪರ್ಸೆಂಟ್ ಏರಿದ್ದರೆ ಸಹಜ. 60 ಇದ್ದದ್ದು 66ರಿಂದ 69. ಅದಕ್ಕಿಂತ ಬಹಳ ಏರಿದ್ದರೆ ಟೈರ್ ಹೆಚ್ಚು ಬಾಗುತ್ತಾ ಕಾಯುತ್ತಿದೆ ಎಂದರ್ಥ: ಬೆಳಗಿನ ಗಾಳಿ ಕಡಿಮೆ, ಇಲ್ಲವೇ ಭಾರ ಹೆಚ್ಚು. ಏರಿದೆಯೆಂದು ಬಿಸಿಯಲ್ಲೇ ಗಾಳಿ ಬಿಡಬೇಡಿ. ಬಿಟ್ಟರೆ ತಣ್ಣಗಾದಾಗ ಇನ್ನೂ ಕಡಿಮೆಯಾಗಿ, ಮರುದಿನ ಇನ್ನೂ ಹೆಚ್ಚು ಕಾಯುತ್ತದೆ.

ನಾಲ್ಕರಲ್ಲಿ ಒಂದೇ ಚಕ್ರ ಕಾಯುತ್ತಿದ್ದರೆ ಟೈರ್‌ಗಿಂತ ಮೊದಲು ರಿಮ್ ನಡುಭಾಗದ ಹತ್ತಿರ ಕೈಹಿಂಬದಿ ಹಿಡಿದು ನೋಡಿ, ಮುಟ್ಟಬೇಡಿ. ಡ್ರಮ್ ಅಥವಾ ಹಬ್ ಕಡೆಯಿಂದ ಬಿಸಿ ಬರುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಇಲ್ಲವೇ ಬೇರಿಂಗ್ ಹೋಗಿದೆ. ರಿಮ್ ತಣ್ಣಗಿದ್ದು ಟೈರ್‌ನ ಭುಜ ಮಾತ್ರ ಬಿಸಿಯಿದ್ದರೆ ತೊಂದರೆ ಟೈರ್‌ನದು.

ದಿನಕ್ಕೆ ಸ್ವಲ್ಪ ಸ್ವಲ್ಪ ಗಾಳಿ ಇಳಿಯುತ್ತಿದ್ದು ಪಂಚರ್ ಸಿಗದಿದ್ದರೆ ವಾಲ್ವ್ ನೋಡಿ. ಟ್ಯೂಬ್‌ಲೆಸ್ ರಿಮ್‌ಗೆ ಒಳಗಿನಿಂದ ಎಳೆದು ಕೂರಿಸುವ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. ಹತ್ತು ಪ್ಲೈ ಟೈರ್ ಹಾಕಿಸಿ ಅದಕ್ಕೂ ಮೇಲೆ ಗಾಳಿ ಹಿಡಿಸಿ ಅದೇ ಹಳೆಯ ರಬ್ಬರ್ ವಾಲ್ವ್ ಬಿಟ್ಟಿದ್ದರೆ ಅದರ ಬುಡ ಸೀಳುತ್ತದೆ. ಸೋಪು ನೀರು ಹಾಕಿ ವಾಲ್ವನ್ನು ಬೆರಳಲ್ಲಿ ಸ್ವಲ್ಪ ಬಾಗಿಸಿದರೆ ಗುಳ್ಳೆ ಎದ್ದು ಗೊತ್ತಾಗುತ್ತದೆ. ಹೆಚ್ಚು ಗಾಳಿಗೆ ನಟ್ ಬಿಗಿಯುವ ಲೋಹದ ವಾಲ್ವ್ ಹಾಕಿಸಬೇಕು, ರಿಮ್ ಕೂಡ ಅಷ್ಟು ಗಾಳಿಗೆ ಒಪ್ಪುವಂಥದ್ದೇ ಎಂದು ಖಚಿತ ಮಾಡಿಕೊಳ್ಳಬೇಕು.

ಇನ್ನು ಕೆಸರಿಗೆ ಗಾಳಿ ಇಳಿಸುವ ಅಭ್ಯಾಸ. ಖಾಲಿ ಗಾಡಿ ತೋಟದಲ್ಲಿ ಹೂತಿದ್ದರೆ ಇಳಿಸಿ ಮೆಲ್ಲಗೆ ಹೊರತೆಗೆದು, ಟಾರ್ ರಸ್ತೆಗೆ ಬರುವ ಮೊದಲು ಮತ್ತೆ ಹಿಡಿಸಿ. ಲೋಡ್ ಇದ್ದಾಗ ಬೇಡ. ಅರ್ಧ ಲೋಡ್ ಇಳಿಸಿ ಎಳೆಸುವುದು ತಡವಾದರೂ ಟೈರ್ ಉಳಿಯುತ್ತದೆ.

ಸವೆತ ಹೇಳುವ ಕಾರಣ

ಎರಡೂ ಅಂಚು ಸವೆದಿದ್ದರೆ ಕಡಿಮೆ ಗಾಳಿ ಅಥವಾ ಹೆಚ್ಚು ಭಾರ. ಮೇಲಿನದೆಲ್ಲ ಅದರದೇ ಕಥೆ. ನಡುಭಾಗ ಮಾತ್ರ ಸವೆದಿದ್ದರೆ ಉಲ್ಟಾ. ಲೋಡ್‌ಗೆಂದು ಹಿಡಿಸಿದ ಪೂರ್ತಿ ಗಾಳಿಯಲ್ಲೇ ಖಾಲಿ ಗಾಡಿ ಬಹಳ ದಿನ ಓಡಿಸುವವರ ಹಿಂದಿನ ಟೈರ್‌ನಲ್ಲಿ ಇದು ಕಾಣುತ್ತದೆ. ಮಾವಿನ ಸೀಸನ್ ಮುಗಿದ ಮೇಲೆ ಗಾಡಿಯನ್ನು ಮನೆ ಓಡಾಟಕ್ಕೆ ಬಳಸುವ ಶ್ರೀನಿವಾಸಪುರದ ಕಡೆಯವರು ಗಾಳಿಯನ್ನು ಕಂಪನಿ ಹೇಳಿದ ಖಾಲಿ ಗಾಡಿಯ ಮಟ್ಟಕ್ಕೆ ತಂದುಕೊಂಡರೆ ಒಳ್ಳೆಯದು.

ಮುಂದಿನ ಟೈರ್‌ನ ಒಂದೇ ಅಂಚು ಸವೆದರೆ ಅಲೈನ್‌ಮೆಂಟ್. ಬಟನ್‌ಗಳ ಮೇಲೆ ಅಂಗೈಯನ್ನು ಅಡ್ಡಡ್ಡ ಆಡಿಸಿ. ಒಂದು ದಿಕ್ಕಿಗೆ ನುಣುಪು, ವಾಪಸ್ ಎಳೆದರೆ ಗರಗಸದಂತೆ ತರಚಿದರೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಸಡಿಲವಿದ್ದರೆ ಅದನ್ನು ಸರಿಮಾಡಿಸದೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ.

ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಇಲ್ಲವೇ ಬ್ಯಾಲೆನ್ಸಿಂಗ್ ಇಲ್ಲ. ಆಲ್-ಟೆರೇನ್‌ಗೆ ವಿಶೇಷವಾದ ಇನ್ನೊಂದು ಸವೆತವಿದೆ: ಪ್ರತಿ ಬಟನ್‌ನ ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು. ಬಿಡಿಬಿಡಿ ಬಟನ್‌ಗಳು ನೆಲ ಬಿಡುವಾಗ ಜಾರುವುದರಿಂದ ಇದು ಬರುತ್ತದೆ, ಗಾಳಿ ಕಡಿಮೆಯಿದ್ದರೆ ಬೇಗ ಬರುತ್ತದೆ. ಎಂಟು ಹತ್ತು ಸಾವಿರ ಕಿಲೋಮೀಟರ್‌ಗೊಮ್ಮೆ ಮುಂದಿನದು ಹಿಂದಕ್ಕೆ ಬದಲಾಯಿಸಿದರೆ ಹತೋಟಿಯಲ್ಲಿರುತ್ತದೆ.

ಕ್ರಷರ್ ಕಡೆ ಓಡುವವರು ಬಟನ್‌ಗಳ ಸಂದಿ ನೋಡಬೇಕು. ಅಲ್ಲಿ ಸಿಕ್ಕ ಜಲ್ಲಿ ಚೂರು ಪ್ರತಿ ಸುತ್ತಿಗೂ ಒಳಗೆ ಇಳಿಯುತ್ತಾ ಉಕ್ಕಿನ ಬೆಲ್ಟ್ ತಲುಪುತ್ತದೆ. ನೀರು ಹೊಕ್ಕು ತಂತಿ ತುಕ್ಕು ಹಿಡಿದು ಟ್ರೆಡ್ ಎದ್ದುಬರುತ್ತದೆ. ವಾರಕ್ಕೊಮ್ಮೆ ಸ್ಕ್ರೂಡ್ರೈವರ್‌ನಿಂದ ಕಲ್ಲು ಕಿತ್ತುಹಾಕುವುದಷ್ಟೇ ಇದಕ್ಕೆ ಮದ್ದು. ಟೈರ್ ಕೊಳ್ಳುವಾಗ ಬಟನ್ ಸಂದಿಯ ತಳದಲ್ಲಿ ಕಲ್ಲು ತಳ್ಳಲೆಂದು ಸಣ್ಣ ಏಣುಗಳಿರುವ ಪ್ಯಾಟರ್ನ್ ಆರಿಸಿಕೊಳ್ಳಿ.

ಸೈಡ್‌ವಾಲ್‌ನಲ್ಲಿ ಗುಳ್ಳೆ ಎದ್ದಿದ್ದರೆ, ತಂತಿ ಅಥವಾ ನೂಲು ಕಂಡರೆ, ರಿಮ್ ಅಂಚಿಗೆ ಸುತ್ತಲೂ ಬಿರುಕು ಬಿಟ್ಟಿದ್ದರೆ ಇನ್ನೇನೂ ಪರೀಕ್ಷೆ ಬೇಡ. ಅಲ್ಲೇ ಲೋಡ್ ಇಳಿಸಿ ಸ್ಟೆಪ್ನಿ ಹಾಕಿ. ಗುಳ್ಳೆ ಎಂದರೆ ಒಳಗಿನ ನೂಲು ಹರಿದು ಬರೀ ರಬ್ಬರ್ ಗಾಳಿಯನ್ನು ಹಿಡಿದಿದೆ. ಅದಕ್ಕೆ ಪ್ಯಾಚ್ ಇಲ್ಲ.

ಸದ್ದು ಮತ್ತು ನಡುಕ

ಆಲ್-ಟೆರೇನ್ ಸ್ವಲ್ಪ ಗುಂಯ್‌ಗುಡುತ್ತದೆ, ಅದು ದೋಷವಲ್ಲ. ರಸ್ತೆ ಮೇಲ್ಮೈ ಬದಲಾದಾಗ ಸದ್ದೂ ಬದಲಾದರೆ ಟೈರ್‌ನದು. ರಸ್ತೆ ಒಂದೇ ಇದ್ದು, ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತುಸು ಆಡಿಸಿದಾಗ ಏರಿಳಿದರೆ ಬೇರಿಂಗ್‌ನದು. ಹೊಸ ಟೈರ್ ಹಾಕಿಸಿದ ದಿನದಿಂದಲೇ ನಡುಕವಿದ್ದರೆ ರಿಮ್ ಅಂಚಿನ ಪಕ್ಕದಲ್ಲಿ ಟೈರ್ ಮೇಲಿರುವ ತೆಳು ಗೆರೆ ಸುತ್ತಲೂ ಒಂದೇ ದೂರದಲ್ಲಿದೆಯೇ ನೋಡಿ. ಒಂದು ಕಡೆ ಒಳಗೆ ಹೋಗಿದ್ದರೆ ಬೀಡ್ (ರಿಮ್‌ಗೆ ಕೂರುವ ಟೈರ್‌ನ ಅಂಚು) ಸರಿಯಾಗಿ ಕೂತಿಲ್ಲ, ಗಾಳಿ ಬಿಟ್ಟು ಮತ್ತೆ ಕೂರಿಸಬೇಕು. ಒಂದು ಕಡೆ ಎಳೆಯುತ್ತಿದ್ದರೆ ಮುಂದಿನ ಎರಡನ್ನು ಎಡಬಲ ಬದಲಿಸಿ. ದಿಕ್ಕಿನ ಬಾಣದ ಗುರುತಿರುವ ಟೈರ್‌ಗೆ ಇದು ಆಗದು. ಎಳೆತವೂ ದಿಕ್ಕು ಬದಲಿಸಿದರೆ ಟೈರ್‌ನ ತಪ್ಪು, ಬದಲಿಸದಿದ್ದರೆ ಅಲೈನ್‌ಮೆಂಟ್ ಅಥವಾ ಬ್ರೇಕ್.

ಬದಲಿ ಟೈರ್ ಆರಿಸುವಾಗ

ಮೊದಲು ಲೋಡ್ ಇಂಡೆಕ್ಸ್, ಆಮೇಲೆ ವರ್ಗ, ಆಮೇಲೆ ಸೈಜು, ಪ್ಯಾಟರ್ನ್ ಕೊನೆಗೆ. ಅಂಗಡಿಯಲ್ಲಿ ಇದು ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ನೂರರಲ್ಲಿ ತೊಂಬತ್ತು ಪಾಲು ಟಾರ್ ರಸ್ತೆಯಲ್ಲೇ ಓಡುವ ಗಾಡಿಗೆ ಆಲ್-ಟೆರೇನ್ ಬೇಕಾಗಿಲ್ಲ ಎಂದೇ ಹೇಳುತ್ತೇನೆ. ಬೇಕಾದ ಇಂಡೆಕ್ಸ್ ಇರುವ ಆಲ್-ಟೆರೇನ್ ನಿಮ್ಮ ಸೈಜಿನಲ್ಲಿ ಸಿಗದಿದ್ದರೆ, ಇಂಡೆಕ್ಸ್ ಇರುವ ರಿಬ್ ಅಥವಾ ಲಗ್ (ಅಡ್ಡಕ್ಕೆ ದಪ್ಪ ಗಟ್ಟಿಗಳಿರುವ) ಟೈರ್ ತೆಗೆದುಕೊಳ್ಳಿ.

ಸೈಜು ದೊಡ್ಡದು ಮಾಡುವ ಆಸೆಗೆ ಒಂದು ಲೆಕ್ಕ. 215/75 ಆರ್15ರ ವ್ಯಾಸ 703.5 ಮಿಲಿಮೀಟರ್, 235/75 ಆರ್15ರದು 733.5. ಶೇ. 4ಕ್ಕಿಂತ ಹೆಚ್ಚು ವ್ಯತ್ಯಾಸ. ಸ್ಪೀಡೋಮೀಟರ್ ಮೊದಲು ಸರಿಯಾಗಿತ್ತು ಎಂದಾದರೆ, ಈಗ 80 ತೋರಿಸುವಾಗ ಗಾಡಿ 83ಕ್ಕೂ ಮೇಲಿರುತ್ತದೆ. ಏರಿನಲ್ಲಿ ಗೇರ್ ಭಾರವೆನಿಸುತ್ತದೆ. 235ಕ್ಕೆ ಸಾಮಾನ್ಯವಾಗಿ 6ರಿಂದ 8 ಇಂಚು ಅಗಲದ ರಿಮ್ ಬೇಕು, ನಿಮ್ಮದು ಐದೂವರೆ ಇದ್ದರೆ ಹೊಂದುವುದಿಲ್ಲ. ಲೋಡ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ತಾಗುತ್ತದೆಯೇ ಎಂಬುದನ್ನೂ ನೋಡಬೇಕು.

ತಯಾರಾದ ದಿನ ನೋಡಲು ಸೈಡ್‌ವಾಲ್ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಕಡಿಮೆ ಬೆಲೆಗೆ ಕೊಡುವ ಹಳೆಯ ಸ್ಟಾಕಿನಲ್ಲಿ ಈ ಅಂಕಿ ಬಹಳ ಹಿಂದಿನದಾಗಿರುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಒಳಗೆ ಹೊರಗೆ ನೋಡಿಸಿ, ಹತ್ತು ದಾಟಿದ್ದು ಬಟನ್ ಪೂರ್ತಿ ಇದ್ದರೂ ಬೇಡ. ಸವೆತದ ಕಾನೂನು ಮಿತಿ 1.6 ಮಿಲಿಮೀಟರ್, ಬಟನ್ ಸಂದಿಯಲ್ಲಿ ಸವೆತ ತೋರಿಸಲೆಂದೇ ಇರುವ ಟಿಡಬ್ಲ್ಯುಐ ಗಂಟು ಟ್ರೆಡ್‌ನ ಮಟ್ಟಕ್ಕೆ ಬಂದರೆ ಅಲ್ಲಿಗೆ ಮುಗಿಯಿತು. ಕೆಸರಿನ ಹಿಡಿತ ಅದಕ್ಕಿಂತ ಬಹಳ ಮೊದಲೇ ಹೋಗಿರುತ್ತದೆ.

ಒಂದೇ ಆ್ಯಕ್ಸಲ್‌ನಲ್ಲಿ ರೇಡಿಯಲ್ ಮತ್ತು ನೈಲಾನ್ ಬೆರೆಸಬೇಡಿ. ಫೋರ್ ವೀಲ್ ಡ್ರೈವ್ ಗಾಡಿಗೆ ನಾಲ್ಕೂ ಒಂದೇ ಸೈಜು, ಒಂದೇ ಸವೆತ ಇರಬೇಕು, ಇಲ್ಲದಿದ್ದರೆ ಗೇರ್‌ಗಳ ಮೇಲೆ ಒತ್ತಡ ಬೀಳುತ್ತದೆ. ಸ್ಟೆಪ್ನಿಯ ಲೋಡ್ ಇಂಡೆಕ್ಸ್ ಕೂಡ ಹಿಂದಿನ ಟೈರ್‌ನಷ್ಟೇ ಇರಲಿ, ರಾತ್ರಿ ಮಾರ್ಕೆಟ್‌ಗೆ ಹೊರಟ ಲೋಡ್ ಅದರ ಮೇಲೇ ಮುಂದೆ ಸಾಗಬೇಕಾಗುತ್ತದೆ. ಹಾಕಿಸಿ ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ವೀಲ್ ನಟ್ ಮತ್ತೊಮ್ಮೆ ಬಿಗಿ ಮಾಡಿಸಿ, ಮೊದಲ ಪೂರ್ತಿ ಲೋಡ್ ದಿನವೇ ತಣ್ಣಗಿನ ಗಾಳಿ, ಬಿಸಿ ಗಾಳಿ ಎರಡನ್ನೂ ಅಳೆದು ವೇಬ್ರಿಡ್ಜ್ ಚೀಟಿಯ ಹಿಂದೆ ಬರೆದು ಡ್ಯಾಶ್‌ಬೋರ್ಡ್‌ನಲ್ಲಿಟ್ಟುಕೊಳ್ಳಿ.